ಊರಿಗೆ ಬಂದವರು ನೀರಿಗೆ ಬಾರದಿರುವರೇ?
(ನೆಲೆ ತಪ್ಪಿ ಬಂದವರ ಆರೋಗ್ಯದ ಕುರಿತು ಒಂದು ಪಾಠ)

“ಊರಿಗೆ ಬಂದವಳು ನೀರಿಗೆ ಬಾರದಿರುವಳೇ?” ಎಂಬ ಗಾದೆಯನ್ನು ನಾವೆಲ್ಲರೂ ಅಜ್ಜಿಯಂದಿರ ಬಾಯಿಂದ ಕೇಳಿದ್ದೇವೆ. ಹೊಸದಾಗಿ ಊರಿಗೆ ಬಂದವಳು ಇಂದಲ್ಲದಿದ್ದರೆ ನಾಳೆ ಕೊಡಪಾನ ಹಿಡಿದುಕೊಂಡು ಬಾವಿಕಟ್ಟೆಗೆ ಬಂದೇ ಬರುತ್ತಾಳೆ, ಆಗ ನೋಡಿದರಾಯಿತು ಎಂಬುದು ಇದರ ಅರ್ಥ. ಈ ಗಾದೆಯಲ್ಲಿ ಆರೋಗ್ಯಶಾಸ್ತ್ರದ ಒಂದು ದೊಡ್ಡ ಸತ್ಯವೂ ಅಡಗಿದೆ. ಬಂದವರು ಯಾರೇ ಆಗಿರಲಿ, ಅವರು ಕುಡಿಯುವುದು ನಾವು ಕುಡಿಯುವ ನೀರನ್ನೇ, ಉಸಿರಾಡುವುದು ನಾವು ಉಸಿರಾಡುವ ಗಾಳಿಯನ್ನೇ. ಅವರನ್ನು ಕಚ್ಚಿದ ಸೊಳ್ಳೆಯೇ ಮರುದಿನ ನಮ್ಮನ್ನೂ ಕಚ್ಚುತ್ತದೆ.

ತರಗತಿಯಲ್ಲಿ ಅಂಟುರೋಗಗಳ ಪಾಠ ನಡೆಯುತ್ತಿದ್ದಾಗ ಒಬ್ಬ ವಿದ್ಯಾರ್ಥಿ ಎದ್ದು ನಿಂತು, “ಟೀಚರೇ, ಹೊರಗಿನಿಂದ ಬಂದವರಿಂದಲೇ ಅಲ್ಲವೇ ನಮಗೆ ರೋಗ ಬರುವುದು? ಮನೆಯಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಾರೆ” ಎಂದು ಕೇಳಿದ. ಪಾಠದ ಗಂಟೆ ಮುಗಿಯುತ್ತಾ ಬಂದಿತ್ತು. ಆ ದಿನ ನಾವು ಕೊಟ್ಟ ಉತ್ತರ ನಮಗೇ ಸಮಾಧಾನ ತರಲಿಲ್ಲ. ಪ್ರಶ್ನೆ ಕೇಳಿದ ಹುಡುಗನಿಗೂ, ಹಾಗೆ ಹೇಳುವ ಮನೆಯವರಿಗೂ ಸಾವಕಾಶವಾಗಿ ಉತ್ತರ ಹೇಳಬೇಕೆಂಬ ಉದ್ದೇಶದಿಂದ ಈ ಲೇಖನವನ್ನು ಬರೆದಿದ್ದೇವೆ.

ನಿರಾಶ್ರಿತರೆಂದರೆ ಯಾರು?

ಕೂಲಿಗಾಗಿ ಊರು ಬಿಟ್ಟು ಬಂದವರು ವಲಸೆ ಕಾರ್ಮಿಕರು. ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ, ಹಬ್ಬ ಬಂದಾಗ ಅವರು ತಮ್ಮ ಊರಿಗೆ ಹಿಂದಿರುಗಬಲ್ಲರು. ನಿರಾಶ್ರಿತರ ಸ್ಥಿತಿ ಹಾಗಲ್ಲ. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಮೊದಲಾದ ಕಾರಣಗಳಿಂದ ತಮಗೆ ಹಿಂಸೆಯಾದೀತೆಂಬ ಭಯದಿಂದ ದೇಶವನ್ನೇ ಬಿಟ್ಟು ಬಂದು, ಹಿಂದಿರುಗಲಾರದೆ ಉಳಿದವರನ್ನು ನಿರಾಶ್ರಿತರೆಂದು 1951ರ ಅಂತರರಾಷ್ಟ್ರೀಯ ಒಡಂಬಡಿಕೆಯು ಹೇಳುತ್ತದೆ. ಇಂಥವರ ರಕ್ಷಣೆಗಾಗಿ ವಿಶ್ವಸಂಸ್ಥೆಯು 1950ರಲ್ಲಿ ಒಂದು ಪ್ರತ್ಯೇಕ ಕಚೇರಿಯನ್ನು ಸ್ಥಾಪಿಸಿತು.

ನಮ್ಮ ದೇಶ ಈ ಒಡಂಬಡಿಕೆಗೆ ಸಹಿ ಹಾಕಿಲ್ಲ. ಆದರೂ ಟಿಬೆಟಿನವರು, ಪೂರ್ವ ಬಂಗಾಳದವರು, ಶ್ರೀಲಂಕಾದ ತಮಿಳರು ಮೊದಲಾದ ಎಷ್ಟೋ ಜನ ಇಲ್ಲಿ ಆಶ್ರಯ ಪಡೆದಿದ್ದಾರೆ. ನಮ್ಮ ಸಂವಿಧಾನದ 21ನೆಯ ವಿಧಿಯು ಜೀವದ ರಕ್ಷಣೆಯ ಮಾತನ್ನು ಹೇಳುವಾಗ ‘ಪ್ರಜೆ’ ಎನ್ನುವುದಿಲ್ಲ, ‘ವ್ಯಕ್ತಿ’ ಎನ್ನುತ್ತದೆ. ಅರುಣಾಚಲ ಪ್ರದೇಶದಲ್ಲಿದ್ದ ಚಕ್ಮಾ ನಿರಾಶ್ರಿತರ ವಿಷಯದಲ್ಲಿ 1996ರಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟು, ಪ್ರಜೆಯಾಗಿರಲಿ ಅಲ್ಲದಿರಲಿ, ಪ್ರತಿಯೊಬ್ಬ ಮನುಷ್ಯನ ಜೀವವನ್ನು ಕಾಪಾಡುವುದು ಸರಕಾರದ ಕರ್ತವ್ಯವೆಂದು ಹೇಳಿತು. ಆದುದರಿಂದ ನಿರಾಶ್ರಿತರಿಗೆ ಮದ್ದು ಕೊಡುವುದು ಬರಿಯ ದಯೆಯ ಮಾತಲ್ಲ, ಕಾನೂನಿನ ಮಾತೂ ಹೌದು.

ಬೈಲುಕುಪ್ಪೆಗೆ ಬಂದವರು

ಕನ್ನಡ ನಾಡಿನಲ್ಲಿ ನೆಲೆಸಿದ ನಿರಾಶ್ರಿತರೆಂದೊಡನೆ ನೆನಪಾಗುವವರು ಟಿಬೆಟಿನವರು. 1959ರ ಮಾರ್ಚ್ ತಿಂಗಳಿನಲ್ಲಿ ದಲೈಲಾಮಾ ಅವರು ಲ್ಹಾಸಾ ನಗರವನ್ನು ಬಿಟ್ಟು ಭಾರತಕ್ಕೆ ಬಂದರು. ಅವರನ್ನು ಹಿಂಬಾಲಿಸಿ ಸುಮಾರು 80,000 ಜನ ಹಿಮಾಲಯವನ್ನು ದಾಟಿದರು. ಹೀಗೆ ಬಂದವರನ್ನು ಮೊದಲು ಅಸ್ಸಾಮಿನ ಮಿಸ್ಸಾಮಾರಿ, ಪಶ್ಚಿಮ ಬಂಗಾಳದ ಬಕ್ಸಾ ಮುಂತಾದ ತಾತ್ಕಾಲಿಕ ಶಿಬಿರಗಳಲ್ಲಿ ಇರಿಸಲಾಯಿತು. ಅಲ್ಲಿ ಅನೇಕರು ಕಾಯಿಲೆ ಬಿದ್ದರು, ಅನೇಕರು ತೀರಿಕೊಂಡರು. ಕ್ಷಯರೋಗವು ಬಕ್ಸಾದ ಭಿಕ್ಷುಗಳನ್ನು ಬಹಳವಾಗಿ ಕಾಡಿತು.

ಇದಕ್ಕೆ ಕಾರಣವೇನು? ಸಮುದ್ರಮಟ್ಟದಿಂದ ಹತ್ತು ಹನ್ನೆರಡು ಸಾವಿರ ಅಡಿಗಳಷ್ಟು ಮೇಲಿನ ಚಳಿಯ ನಾಡಿನಲ್ಲಿ ಹುಟ್ಟಿ ಬೆಳೆದವರು ಒಮ್ಮೆಲೇ ಬಯಲಿನ ಸೆಕೆಗೆ ಬಂದಿದ್ದರು. ಮೈಮೇಲೆ ಇದ್ದುದು ಉಣ್ಣೆಯ ದಪ್ಪ ಉಡುಪು. ಬಾರ್ಲಿ ಹಿಟ್ಟು, ಬೆಣ್ಣೆ ಹಾಕಿದ ಚಹಾಕ್ಕೆ ಒಗ್ಗಿದ ಹೊಟ್ಟೆಗೆ ಇಲ್ಲಿಯ ಆಹಾರ ಹೊಸದು. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬರ ಪಕ್ಕದಲ್ಲಿ ಒಬ್ಬರು ಒತ್ತೊತ್ತಾಗಿ ಮಲಗಬೇಕಾಗಿತ್ತು.

ಕ್ಷಯದ ರೋಗಾಣುವಿನ ಗುಣವನ್ನು ಇಲ್ಲಿ ತಿಳಿದುಕೊಳ್ಳುವುದು ಅಗತ್ಯ. ಲೋಕದ ಜನರಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲಿನವರ ದೇಹವನ್ನು ಈ ರೋಗಾಣು ಹೊಕ್ಕಿರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ನೂರಕ್ಕೆ 5ರಿಂದ 10 ಮಂದಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ಕ್ಷಯರೋಗ ಕಾಣಿಸಿಕೊಳ್ಳುತ್ತದೆ. ಉಳಿದವರಲ್ಲಿ ರೋಗಾಣುವು ಬೂದಿ ಮುಚ್ಚಿದ ಕೆಂಡದಂತೆ ಸುಮ್ಮನಿರುತ್ತದೆ. ಹಸಿವು, ದಣಿವು, ಚಿಂತೆಗಳಿಂದ ದೇಹದ ಬಲ ಕುಗ್ಗಿದಾಗ ಕೆಂಡ ಕೆದರಿ ಉರಿಯಾಗುತ್ತದೆ. ಜನ ಇಕ್ಕಟ್ಟಾಗಿ ಇರುವಲ್ಲಿ ಒಬ್ಬನ ಕೆಮ್ಮು ಹತ್ತು ಮಂದಿಗೆ ತಗಲುತ್ತದೆ. ಹೀಗೆ ರೋಗಾಣುವನ್ನು ಒಬ್ಬನು ಹೊತ್ತು ತಂದಿರಬಹುದು. ಆದರೆ ಅದನ್ನು ಊರಿನ ರೋಗವನ್ನಾಗಿ ಮಾಡುವುದು ಅವನನ್ನು ಇರಿಸಿದ ರೀತಿ.

ಆಗಿನ ಮೈಸೂರು ರಾಜ್ಯ ಟಿಬೆಟಿನವರಿಗಾಗಿ ಪಿರಿಯಾಪಟ್ಟಣ ತಾಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ನೀಡಿತು. 1960-61ರ ಹೊತ್ತಿಗೆ ಮೊದಲ ತಂಡಗಳು ಅಲ್ಲಿಗೆ ಬಂದು, ಕಾಡು ಕಡಿದು, ಆನೆಗಳ ಕಾಟವನ್ನು ಸಹಿಸಿ, ಜೋಳ ಬೆಳೆದವು. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿ, ಮುಂದೆ ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲಿಯೂ ವಸತಿಗಳಾದವು. ವಸತಿಗಳ ಜೊತೆಗೆ ಆಸ್ಪತ್ರೆಗಳೂ ಬಂದವು. ಆ ಕ್ಷಯದ ಜೊತೆಗಿನ ಹೋರಾಟ ಒಂದು ತಲೆಮಾರಿಗೆ ಮುಗಿಯಲಿಲ್ಲ. 2017ರಲ್ಲಿ ಧರ್ಮಶಾಲೆಯ ಡೆಲೆಕ್ ಆಸ್ಪತ್ರೆಯವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವೈದ್ಯರ ಜೊತೆಗೂಡಿ ವಸತಿಶಾಲೆಗಳ ಟಿಬೆಟನ್ ಮಕ್ಕಳನ್ನು ಪರೀಕ್ಷಿಸತೊಡಗಿದರು. ಕಾಯಿಲೆ ಇದ್ದವರಿಗೆ ಚಿಕಿತ್ಸೆ ನೀಡಿದುದಲ್ಲದೆ, ರೋಗಾಣು ಮಾತ್ರ ಹೊಕ್ಕಿದ್ದವರಿಗೂ ಅದು ಕೆರಳದಂತೆ ಮೂರು ತಿಂಗಳ ಮಾತ್ರೆಗಳನ್ನು ಕೊಟ್ಟರು. 1959ರಲ್ಲಿ ಬಂದವರ ಮೊಮ್ಮಕ್ಕಳ ಕಾಲದಲ್ಲಿಯೂ ಈ ಕೆಲಸ ಬೇಕಾಯಿತೆಂಬುದನ್ನು ಗಮನಿಸಬೇಕು. ಮೊದಲ ದಿನಗಳಲ್ಲಿ ಆದ ಕೊರತೆಯ ಸಾಲವನ್ನು ತೀರಿಸುವುದಕ್ಕೆ ಅನೇಕ ವರ್ಷಗಳು ಬೇಕಾಗುತ್ತವೆ.

ಮೊದಲ ವಾರದ ಕೆಲಸಗಳು

ಹಾಗಾದರೆ ಸಾವಿರಾರು ಜನ ಒಮ್ಮೆಲೇ ಬಂದಾಗ ಆರೋಗ್ಯ ಇಲಾಖೆಯವರು ಮೊತ್ತಮೊದಲು ಏನು ಮಾಡಬೇಕು? ದೊಡ್ಡ ಆಸ್ಪತ್ರೆ ಕಟ್ಟಬೇಕೆಂದು ನಮಗೆ ತೋರಬಹುದು. ಅನುಭವಸ್ಥರು ಹಾಗೆ ಹೇಳುವುದಿಲ್ಲ. ಮೊದಲನೆಯದು ನೀರು, ಎರಡನೆಯದು ಪಾಯಿಖಾನೆ, ಮೂರನೆಯದು ದಡಾರದ ಚುಚ್ಚುಮದ್ದು, ನಾಲ್ಕನೆಯದು ಆಹಾರ ಮತ್ತು ಸೂರು. ಇವುಗಳ ಜೊತೆಜೊತೆಗೆ ರೋಗಿಗಳ ಚಿಕಿತ್ಸೆ ಸಾಗಬೇಕು.

ಇದಕ್ಕೆ ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಅಳತೆಗಳಿವೆ. ಒಬ್ಬರಿಗೆ ದಿನಕ್ಕೆ ಕುಡಿಯಲು, ಅಡುಗೆಗೆ, ತೊಳೆಯಲು ಸೇರಿ ಕನಿಷ್ಠ 15 ಲೀಟರ್ ನೀರು ಬೇಕು. ಒಂದು ನಳ್ಳಿಗೆ 250 ಜನರಿಗಿಂತ ಹೆಚ್ಚಾಗಬಾರದು. 20 ಜನರಿಗೆ ಒಂದು ಪಾಯಿಖಾನೆ ಇರಬೇಕು. ಒಬ್ಬರಿಗೆ ಮಲಗಿ ಎದ್ದು ತಿರುಗಾಡಲು ಮೂರೂವರೆ ಚದರ ಮೀಟರ್ ಜಾಗ ಬೇಕು. ದಡಾರದ ಚುಚ್ಚುಮದ್ದು 6 ತಿಂಗಳಿನಿಂದ 15 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಸಿಗಬೇಕು. ದಡಾರವು ನಮ್ಮಲ್ಲಿ ಕೆಲವು ದಿನಗಳ ಜ್ವರವಾಗಿ ಬಂದು ಹೋಗುವುದನ್ನು ಹಿರಿಯರು ನೋಡಿದ್ದಾರೆ. ಆದರೆ ಹೊಟ್ಟೆಗಿಲ್ಲದೆ ಬಡಕಲಾದ ಮಕ್ಕಳ ನಡುವೆ ಅದು ಬಹಳ ಜೀವಗಳನ್ನು ಕೊಂಡೊಯ್ಯುತ್ತದೆ.

ಈ ಅಳತೆಗಳು ಬರಿಯ ಪುಸ್ತಕದ ಲೆಕ್ಕಗಳಲ್ಲ. 1994ರ ಜುಲೈ ತಿಂಗಳಿನಲ್ಲಿ ಆಫ್ರಿಕಾದ ರುವಾಂಡ ದೇಶದಿಂದ ಲಕ್ಷಾಂತರ ಜನ ಕೆಲವೇ ದಿನಗಳಲ್ಲಿ ಗಡಿ ದಾಟಿ ಗೋಮಾ ಎಂಬ ಊರಿಗೆ ಬಂದರು. ಅಲ್ಲಿಯ ನೆಲ ಜ್ವಾಲಾಮುಖಿಯಿಂದ ಹರಿದು ಗಟ್ಟಿಯಾದ ಕಲ್ಲು. ನಮ್ಮ ಮುರಕಲ್ಲನ್ನಾದರೂ ಪಿಕ್ಕಾಸಿನಿಂದ ಕಡಿಯಬಹುದು, ಆ ಕಲ್ಲಿನಲ್ಲಿ ಪಾಯಿಖಾನೆಯ ಗುಂಡಿಯನ್ನೇ ತೋಡಲಾಗಲಿಲ್ಲ. ಜನ ಪಕ್ಕದ ಕಿವು ಸರೋವರದ ನೀರನ್ನು ಹಾಗೆಯೇ ಕುಡಿದರು. ಕಾಲರಾ, ಆಮಶಂಕೆಗಳು ಹಬ್ಬಿ ಮೊದಲ ತಿಂಗಳಲ್ಲಿಯೇ ಸುಮಾರು 50,000 ಮಂದಿ ಮಡಿದರು. ಆ ದುರಂತದಿಂದ ಪಾಠ ಕಲಿತ ಮೇಲೆಯೇ, 1997ರಿಂದೀಚೆಗೆ, ಪರಿಹಾರ ಸಂಸ್ಥೆಗಳೆಲ್ಲ ಸೇರಿ ಮೇಲೆ ಹೇಳಿದಂಥ ಅಳತೆಗಳನ್ನು ಒಂದುಗೂಡಿಸಿದುವು.

ಬನಗಾಂವಿನ ಎರಡು ಕೋಣೆಗಳು

ಗೋಮಾದಂಥದೇ ಕಷ್ಟ ನಮ್ಮ ದೇಶಕ್ಕೂ ಬಂದಿತ್ತು. 1971ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ ನಡೆದ ದಮನ ಹಾಗೂ ಯುದ್ಧದ ಕಾರಣದಿಂದ ಸುಮಾರು ಒಂದು ಕೋಟಿ ಜನ ಭಾರತಕ್ಕೆ ಬಂದರು. ಮಳೆಗಾಲ ಬಂದೊಡನೆ ಶಿಬಿರಗಳಲ್ಲಿ ಕಾಲರಾ ಹಬ್ಬಿತು.

ಕಾಲರಾದಲ್ಲಿ ಮನುಷ್ಯ ಸಾಯುವುದು ದೇಹದ ನೀರು ಮತ್ತು ಲವಣಗಳು ಭೇದಿಯ ಮೂಲಕ ಹರಿದುಹೋಗುವುದರಿಂದ. ಕೆಲವೇ ಗಂಟೆಗಳಲ್ಲಿ ಕಣ್ಣು ಗುಳಿಬಿದ್ದು, ನಾಡಿ ಕ್ಷೀಣಿಸಿ, ಪ್ರಾಣ ಹೋಗುತ್ತದೆ. ಆ ಕಾಲದಲ್ಲಿ ಇದಕ್ಕೆ ತಿಳಿದಿದ್ದ ಚಿಕಿತ್ಸೆ ರಕ್ತನಾಳದ ಮೂಲಕ ಸಲೈನ್ ಏರಿಸುವುದು. ಗಡಿ ಪಟ್ಟಣವಾದ ಬನಗಾಂವಿನ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳಿಗಾಗಿ ಇದ್ದುದು ಎರಡು ಕೋಣೆಗಳು. ನೆಲದ ಮೇಲೆಲ್ಲಾ ರೋಗಿಗಳು. ಸಲೈನ್ ಬಾಟಲಿಗಳೂ ಸಾಲದು, ಸೂಜಿ ಚುಚ್ಚಬಲ್ಲ ದಾದಿಯರೂ ಸಾಲದು.

ಅಲ್ಲಿಗೆ ಹೋದ ಡಾ. ದಿಲೀಪ್ ಮಹಲನಾಬಿಸ್ ಎಂಬ ಮಕ್ಕಳ ವೈದ್ಯರು ಬೇರೆ ದಾರಿ ಕಾಣದೆ ಒಂದು ಧೈರ್ಯದ ನಿರ್ಧಾರ ಕೈಗೊಂಡರು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, ಮೂರೂವರೆ ಗ್ರಾಂ ಅಡುಗೆ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡಾ ಬೆರೆಸಿ ಬಾಯಿಯ ಮೂಲಕವೇ ಕುಡಿಸುವುದು! ಪುಡಿಗಳನ್ನು ಕಲ್ಕತ್ತೆಯಲ್ಲಿ ತೂಗಿ ಚೀಲಗಳಲ್ಲಿ ತುಂಬಿ ತರಲಾಯಿತು. ನಳ್ಳಿಯಿರುವ ಡ್ರಮ್ಮುಗಳಲ್ಲಿ ದ್ರಾವಣವನ್ನು ಬೆರೆಸಿಟ್ಟು, ರೋಗಿಯ ತಾಯಿ, ಅಣ್ಣ, ಹೆಂಡತಿ ಯಾರಿದ್ದರೋ ಅವರ ಕೈಗೇ ಲೋಟ ಕೊಟ್ಟು ಕುಡಿಸುವಂತೆ ಹೇಳಲಾಯಿತು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು ನೂರಕ್ಕೆ 4ಕ್ಕಿಂತ ಕೆಳಗೆ ಇಳಿಯಿತು.

ಇದು ಮಂತ್ರವಲ್ಲ, ಶರೀರಶಾಸ್ತ್ರ. ನಮ್ಮ ಸಣ್ಣ ಕರುಳಿನಲ್ಲಿ ಸಕ್ಕರೆಯೂ ಉಪ್ಪಿನಲ್ಲಿರುವ ಸೋಡಿಯಂ ಕೂಡಾ ಒಂದರ ಕೈ ಒಂದು ಹಿಡಿದುಕೊಂಡು ರಕ್ತದೊಳಕ್ಕೆ ಹೋಗುವ ಒಂದು ಬಾಗಿಲಿದೆ. ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಕಾಲರಾ ಬಂದಾಗಲೂ ಈ ಬಾಗಿಲು ಮುಚ್ಚುವುದಿಲ್ಲ. ಬರಿಯ ನೀರು ಕುಡಿಸಿದರೆ ನಿಲ್ಲದು, ಸಕ್ಕರೆ ಉಪ್ಪುಗಳು ಸರಿಯಾದ ಪ್ರಮಾಣದಲ್ಲಿ ಜೊತೆಗಿದ್ದರೆ ನಿಲ್ಲುತ್ತದೆ. 1968ರಲ್ಲಿ ಢಾಕಾದ ಆಸ್ಪತ್ರೆಯಲ್ಲಿ ಇದು ಪರೀಕ್ಷೆಯಾಗಿತ್ತು. ಆದರೆ ತರಬೇತಿಯಿಲ್ಲದ ಮನೆಯವರ ಕೈಯಲ್ಲಿ, ಅಂಥ ಗೊಂದಲದ ನಡುವೆ ಇದು ಸಾಧ್ಯವೆಂದು ತೋರಿಸಿಕೊಟ್ಟುದು ನಿರಾಶ್ರಿತರ ಶಿಬಿರ. ಇಂದು ನಮ್ಮ ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ಒ.ಆರ್.ಎಸ್. ಪೊಟ್ಟಣ ಇದರ ಮುಂದುವರಿದ ರೂಪ. ಡಾ. ಮಹಲನಾಬಿಸರು 2022ರಲ್ಲಿ ತೀರಿಕೊಂಡರು. 2023ರಲ್ಲಿ ಭಾರತ ಸರಕಾರವು ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿಯನ್ನು ನೀಡಿತು.

“ಬಂದವರಿಂದ ನಮಗೇನು ಲಾಭ?” ಎಂದು ಕೇಳುವವರಿದ್ದಾರೆ. ಭೇದಿಯಾದ ನಮ್ಮ ಮಗುವಿಗೆ ಒ.ಆರ್.ಎಸ್. ಕುಡಿಸುವಾಗ, ಈ ತಿಳಿವಳಿಕೆ ಗಟ್ಟಿಯಾದುದು ನಿರಾಶ್ರಿತರನ್ನು ಬದುಕಿಸುವ ಪ್ರಯತ್ನದಲ್ಲಿ ಎಂಬುದನ್ನು ನೆನೆಯಬೇಕು.

ಕಣ್ತಪ್ಪಿದ ಸಿಡುಬು

ಅದೇ ವರ್ಷದ ಇನ್ನೊಂದು ಪಾಠವಿದೆ. ಅದು ತಪ್ಪಿನಿಂದ ಕಲಿತ ಪಾಠ. ಪೂರ್ವ ಬಂಗಾಳದಲ್ಲಿ 1970ರ ಆಗಸ್ಟ್ ತಿಂಗಳ ಅನಂತರ ಸಿಡುಬು ಇರಲಿಲ್ಲ. ಆದರೆ ಕಲ್ಕತ್ತೆಯ ಬಳಿಯ ಸಾಲ್ಟ್ ಲೇಕ್ ಶಿಬಿರದಲ್ಲಿ ಸಿಡುಬು ಹರಡಿದುದು ಸಕಾಲದಲ್ಲಿ ಗಮನಕ್ಕೆ ಬರಲಿಲ್ಲ. ಯುದ್ಧ ಮುಗಿದು 1972ರ ಆರಂಭದಲ್ಲಿ ಜನ ಸಂತೋಷದಿಂದ ಸ್ವಂತ ಊರುಗಳಿಗೆ ಹಿಂದಿರುಗಿದಾಗ ರೋಗವೂ ಅವರೊಡನೆ ಹೋಯಿತು. ಆ ದೇಶದಿಂದ ಅದನ್ನು ಮತ್ತೆ ಓಡಿಸಲು 1975ರ ಅಕ್ಟೋಬರ್‌ವರೆಗೆ ಹೆಣಗಬೇಕಾಯಿತು. ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಈ ಜನ ಸಿಡುಬನ್ನು ತಮ್ಮ ದೇಶದಿಂದ ನಮ್ಮಲ್ಲಿಗೆ ತರಲಿಲ್ಲ. ಇಲ್ಲಿಯ ಶಿಬಿರದಿಂದ ಅದನ್ನು ಕೊಂಡುಹೋದರು.

ಬನಗಾಂವಿನಲ್ಲಿ ಚಿಕಿತ್ಸೆ ಜನರ ಬಳಿಗೆ ಹೋಯಿತು, ಸಾವು ಇಳಿಯಿತು. ಸಾಲ್ಟ್ ಲೇಕಿನಲ್ಲಿ ಪರೀಕ್ಷೆ ತಡವಾಯಿತು, ಒಂದು ದೇಶ ನಾಲ್ಕು ವರ್ಷ ಬೆಲೆ ತೆತ್ತಿತು.

ನಮ್ಮ ಪಕ್ಕದವರು

ದೂರದ ಊರುಗಳ ಮಾತು ಸಾಕು, ನಮ್ಮ ಜಿಲ್ಲೆಯ ಗಡಿಯಾಚೆ ನೋಡೋಣ. ಸುಳ್ಯ, ಪುತ್ತೂರು ತಾಲೂಕುಗಳ ರಬ್ಬರು ತೋಟಗಳಲ್ಲಿ ತಮಿಳು ಮಾತನಾಡುವ ಕುಟುಂಬಗಳಿರುವುದನ್ನು ಆ ಕಡೆಗೆ ಹೋಗಿಬರುವವರು ಕಂಡಿರಬಹುದು. ಇವರ ಹಿರಿಯರು ಬ್ರಿಟಿಷರ ಕಾಲದಲ್ಲಿ ಸಿಲೋನಿನ ಚಹಾ ತೋಟಗಳಿಗೆ ಕೂಲಿಗಳಾಗಿ ಹೋದವರು. 1964ರಲ್ಲಿ ಪ್ರಧಾನಮಂತ್ರಿಗಳಾದ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಅವರ ನಡುವೆ ಆದ ಒಪ್ಪಂದದಂತೆ 5,25,000 ಜನರನ್ನು ಭಾರತಕ್ಕೆ ಕರೆಸಿಕೊಳ್ಳುವುದೆಂದು ನಿರ್ಧಾರವಾಯಿತು. ಹಾಗೆ ಬಂದವರಲ್ಲಿ ಕೆಲವರಿಗೆ ಕರ್ನಾಟಕ ಸರಕಾರದ ರಬ್ಬರು ತೋಟಗಳಲ್ಲಿ ಕೆಲಸ, ವಸತಿ ದೊರೆಯಿತು. ಕಾನೂನಿನ ಪ್ರಕಾರ ಇವರು ನಿರಾಶ್ರಿತರಲ್ಲ, ಸ್ವದೇಶಕ್ಕೆ ಮರಳಿದವರು. ಆದರೆ ಹುಟ್ಟಿದ ಊರು ಕಡಲಾಚೆ ಉಳಿಯಿತು, ಬಂದ ಊರಿನ ಮಾತು ತಿಳಿಯದು.

ಹೋಗುವಾಗ ಇವರ ಹಿರಿಯರನ್ನು ರಾಮೇಶ್ವರದ ಬಳಿಯ ಮಂಡಪಂ ಶಿಬಿರದಲ್ಲಿ ಸಾಂಕ್ರಾಮಿಕ ರೋಗದ ಭಯದಿಂದ ತಡೆದಿರಿಸಿ ಪರೀಕ್ಷಿಸುತ್ತಿದ್ದರು. ಮರಳಿದ ಕುಟುಂಬಗಳಿಗೂ ಆ ಮಂಡಪವೇ ಬಾಗಿಲಾಯಿತು. ಹೋಗುವಾಗಲೂ ಬರುವಾಗಲೂ ‘ಹೊರಗಿನವರು’ ಆದ ಜನ ಇವರು.

ಇನ್ನು ನಮ್ಮ ಜಿಲ್ಲೆಯಲ್ಲಿಯೇ, ಕೆಂಪುಕಲ್ಲಿನ ಕೋರೆಗಳಲ್ಲಿ, ಕಟ್ಟಡಗಳಲ್ಲಿ, ಹೋಟೆಲುಗಳಲ್ಲಿ ದುಡಿಯುವ ಬಂಗಾಳ, ಬಿಹಾರ, ಅಸ್ಸಾಂ, ಒಡಿಶಾದವರನ್ನು ನಾವು ದಿನವೂ ಕಾಣುತ್ತೇವೆ. ಕೇರಳ ಸರಕಾರ ಇವರನ್ನು ‘ಅತಿಥಿ ಕಾರ್ಮಿಕರು’ ಎಂದು ಕರೆಯುತ್ತದೆ. 2017ರಲ್ಲಿ ಇವರಿಗಾಗಿ ‘ಆವಾಸ್’ ಎಂಬ ಆರೋಗ್ಯ ವಿಮಾ ಯೋಜನೆಯನ್ನು ಆರಂಭಿಸಿತು. ಇವರೂ ನಿರಾಶ್ರಿತರಲ್ಲ. ಆದರೆ ಹೊಸ ಊರಿನ ಮೊದಲ ತಿಂಗಳುಗಳಲ್ಲಿ ದೇಹಕ್ಕೆ ಬರುವ ಕಷ್ಟಗಳು ಇಬ್ಬರಿಗೂ ಒಂದೇ.

ಮಲೇರಿಯಾದ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಬಗೆಯ ಮಲೇರಿಯಾ ರೋಗಾಣು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಡಗಿದ್ದು ಮತ್ತೆ ಜ್ವರ ತರಬಲ್ಲುದು. ಆದುದರಿಂದ ಜ್ವರ ಬಿಟ್ಟ ಮೇಲೂ ವೈದ್ಯರು ಹೇಳಿದಂತೆ 14 ದಿನ ಮಾತ್ರೆ ನುಂಗಬೇಕು. ಹೊಸಬನೊಬ್ಬ ಅದನ್ನು ಹೊತ್ತು ತಂದನೆಂದೇ ಇಟ್ಟುಕೊಳ್ಳೋಣ. ಅವನಿಂದ ನೇರವಾಗಿ ನಮಗೆ ಮಲೇರಿಯಾ ಬರುವುದಿಲ್ಲ. ನಡುವೆ ಅನಾಫಿಲಿಸ್ ಸೊಳ್ಳೆ ಬೇಕು. ಆ ಸೊಳ್ಳೆ ಹುಟ್ಟುವುದು ನಮ್ಮ ಮುಚ್ಚದ ಟ್ಯಾಂಕಿಯಲ್ಲಿ, ನಮ್ಮ ಬಾವಿಯಲ್ಲಿ, ನಮ್ಮ ಕಟ್ಟಡದ ತಳದಲ್ಲಿ ನಿಂತ ನೀರಿನಲ್ಲಿ. ಅವನ ರಕ್ತಪರೀಕ್ಷೆ ಮಾಡಿಸಿ ಮಾತ್ರೆ ಕೊಡುವುದು ಆರೋಗ್ಯ ಕೇಂದ್ರದವರ ಕೆಲಸ. ನೀರು ನಿಲ್ಲದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ನಾವು ಅವನನ್ನು ದೂರಿದರೆ ಅವನು ಜ್ವರ ಬಂದುದನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ಜ್ವರವೇ ಎಲ್ಲಕ್ಕಿಂತ ಅಪಾಯಕಾರಿ.

ನಾವೂ ಗಡಿಯಲ್ಲಿ ನಿಂತಿದ್ದೆವು

‘ಹೊರಗಿನವರು’ ಎನಿಸಿಕೊಳ್ಳುವುದು ಹೇಗಿರುತ್ತದೆಂದು ಕಾಸರಗೋಡಿನವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2020ರ ಮಾರ್ಚ್ ತಿಂಗಳಿನಲ್ಲಿ ಕೋವಿಡ್ ಹಬ್ಬಿದಾಗ ತಲಪಾಡಿಯ ಗಡಿ ಮುಚ್ಚಿತು. ಹೆರಿಗೆಗೆ, ಹೃದಯದ ಕಾಯಿಲೆಗೆ, ಡಯಾಲಿಸಿಸಿಗೆ ಮಂಗಳೂರನ್ನೇ ನಂಬಿದ್ದ ನಮ್ಮ ಜಿಲ್ಲೆಯ ಜನ ದಿಕ್ಕು ತೋಚದಂತಾದರು. ಸಮಯಕ್ಕೆ ಆಸ್ಪತ್ರೆಗೆ ತಲಪಲಾಗದೆ ಕೆಲವರು ಪ್ರಾಣ ಕಳೆದುಕೊಂಡರು. ಗಡಿಯಾಚೆಯ ಜನರಿಗೂ ಆಗ ಭಯವಿತ್ತು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಸಂಗತಿ ನ್ಯಾಯಾಲಯದವರೆಗೆ ಹೋಗಿ, ಏಪ್ರಿಲ್ ತಿಂಗಳಿನಲ್ಲಿ ತುರ್ತು ರೋಗಿಗಳನ್ನು ಗಡಿಯಲ್ಲಿಯೇ ತಪಾಸಣೆ ಮಾಡಿ ಮುಂದೆ ಬಿಡುವ ಏರ್ಪಾಡು ಆಯಿತು.

ಈ ಎರಡು ದಾರಿಗಳನ್ನು ಹೋಲಿಸಿ ನೋಡಬೇಕು. ಬಾಗಿಲು ಮುಚ್ಚುವುದು ಒಂದು ದಾರಿ. ಬಾಗಿಲಿನಲ್ಲಿ ಒಬ್ಬ ವೈದ್ಯರನ್ನು ನಿಲ್ಲಿಸುವುದು ಇನ್ನೊಂದು ದಾರಿ. ಭಯ ಎರಡರಲ್ಲಿಯೂ ಇದೆ, ಆದರೆ ಎರಡನೆಯದರಲ್ಲಿ ಜೀವಗಳು ಉಳಿಯುತ್ತವೆ. ಅಂದು ನಮಗೆ ಬೇಕಾಗಿದ್ದುದು ಆ ಎರಡನೆಯ ದಾರಿ. ಇಂದು ನಮ್ಮಲ್ಲಿಗೆ ಬಂದವರಿಗೆ ಬೇಕಾದುದೂ ಅದೇ.

ಮಾತೂ ಒಂದು ಮದ್ದು

ನೀರು, ಚುಚ್ಚುಮದ್ದುಗಳ ಜೊತೆಗೆ ಇನ್ನೊಂದು ಮದ್ದು ಬೇಕು. ಅದು ತಿಳಿಯುವ ಮಾತು. ಮಲಯಾಳದಲ್ಲಿ ‘ಪನಿ’ ಎಂದರೆ ಜ್ವರ. ಹಿಂದಿಯಲ್ಲಿ ‘ಪಾನೀ’ ಎಂದರೆ ನೀರು. ಬಿಹಾರದ ಕಾರ್ಮಿಕನನ್ನು “ಪನಿ ಉಂಡೋ?” ಎಂದು ಕೇಳಿದರೆ ಅವನು ನೀರು ಬೇಕೇ ಎಂದು ಕೇಳಿದರೆಂದು ತಿಳಿದು ತಲೆಯಾಡಿಸಬಹುದು! ಇದನ್ನು ಕೇಳಿ ಮಕ್ಕಳು ನಗುತ್ತಾರೆ. ಆದರೆ ಮದ್ದಿನ ಚೀಟಿಯ ವಿಷಯದಲ್ಲಿ ಹೀಗಾದರೆ ನಗುವ ಮಾತಲ್ಲ.

ಕನ್ನಡ, ತುಳು, ಕೊಂಕಣಿ, ಮರಾಠಿ ಮಾತನಾಡುವ ಮನೆಗಳಿಂದ ಬರುವ ನಮ್ಮ ಮಕ್ಕಳಿಗೆ ಈ ಕಷ್ಟ ಹೊಸತಲ್ಲ. ಮಲಯಾಳದಲ್ಲಿ ಮಾತ್ರ ಬರೆದ ಆರೋಗ್ಯದ ಪ್ರಕಟಣೆಯನ್ನು ಓದಲಾರದೆ ಪಕ್ಕದ ಮನೆಗೆ ಕೊಂಡುಹೋಗುವ ತಾಯಂದಿರಿದ್ದಾರೆ. ಆಸ್ಪತ್ರೆಗೆ ಹೋಗುವಾಗ, ಮಾತು ತಿಳಿಯುವವನೆಂದು ಶಾಲೆಗೆ ರಜೆ ಹಾಕಿಸಿ ಮಗನನ್ನು ಕರೆದುಕೊಂಡು ಹೋಗುವವರೂ ಇದ್ದಾರೆ. ಅಮ್ಮನ ಕಾಯಿಲೆಯನ್ನು ಹನ್ನೆರಡು ವರ್ಷದ ಮಗ ವೈದ್ಯರಿಗೆ ಹೇಳಬೇಕಾದಾಗ ಎಷ್ಟೋ ಸಂಗತಿಗಳನ್ನು ಅಮ್ಮ ನುಂಗಿಕೊಳ್ಳುತ್ತಾಳೆ. ಮಗನಿಗೂ ಹೊರಲಾರದ ಹೊರೆ ಅದು. ಆದುದರಿಂದ ಹೊಸದಾಗಿ ಬಂದವರ ಆರೋಗ್ಯ ಸೇವೆಯಲ್ಲಿ ಅವರ ಭಾಷೆ ಬಲ್ಲ ಹಿರಿಯ ವ್ಯಕ್ತಿಯೊಬ್ಬರು ದುಭಾಷಿಯಾಗಿ ಇರಬೇಕೆಂದೂ, ಮನೆಯ ಮಕ್ಕಳನ್ನು ಆ ಕೆಲಸಕ್ಕೆ ಹಚ್ಚಬಾರದೆಂದೂ ತಿಳಿದವರು ಹೇಳುತ್ತಾರೆ. ನಮಗಾಗಿ ಕನ್ನಡದ ಫಲಕ ಬೇಕೆಂದು ನಾವು ಕೇಳುವುದು ನ್ಯಾಯವಾದರೆ, ಬಂಗಾಳಿಯಲ್ಲಿ ಒಂದು ಫಲಕ ಬೇಕೆನ್ನುವುದೂ ನ್ಯಾಯ.

ನಾವು ಮಾಡಬಹುದಾದ ಕೆಲಸಗಳು

ವಿದ್ಯಾರ್ಥಿಗಳು ಮನೆಯವರೊಡನೆ ಸೇರಿ ಈ ಸಣ್ಣ ಕೆಲಸಗಳನ್ನು ಮಾಡಬಹುದು.

1. ಮನೆ ಹಾಗೂ ಶಾಲೆಯ ಸುತ್ತ ವಾರಕ್ಕೊಮ್ಮೆ ನಿಂತ ನೀರನ್ನು ಚೆಲ್ಲುವುದು, ಟ್ಯಾಂಕಿ ಮುಚ್ಚುವುದು. ಅತಿಥಿ ಕಾರ್ಮಿಕರಿಗೆ ಕೋಣೆ ಬಾಡಿಗೆಗೆ ಕೊಡುವ ತಂದೆತಾಯಂದಿರು ಪಾಯಿಖಾನೆ, ಶುದ್ಧ ನೀರು, ಗಾಳಿ ಬರುವ ಕಿಟಕಿ ಇರುವಂತೆ ನೋಡಿಕೊಳ್ಳಬೇಕು.

2. ಹೊಸ ಮಗುವೊಂದು ತರಗತಿಗೆ ಸೇರಿದರೆ, ಅದರ ಚುಚ್ಚುಮದ್ದುಗಳು ಆಗಿವೆಯೇ ಎಂದು ತಿಳಿಯಲು ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟಿಸುವುದು. ಕಾರ್ಡು ಇಲ್ಲದಿದ್ದರೂ ಚುಚ್ಚುಮದ್ದು ಸಿಗುತ್ತದೆಂದು ಆ ಮನೆಯವರಿಗೆ ಹೇಳುವುದು.

3. ಎರಡು ವಾರ ಕಳೆದರೂ ಬಿಡದ ಕೆಮ್ಮು ಯಾರಿಗಿದ್ದರೂ, ಮನೆಯವರಿಗಾಗಲಿ ಬಂದವರಿಗಾಗಲಿ, ಕಫ ಪರೀಕ್ಷೆಗೆ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಲು ತಿಳಿಸುವುದು. ಕ್ಷಯದ ಪರೀಕ್ಷೆ, ಮದ್ದು ಎರಡೂ ಸರಕಾರದಿಂದ ಉಚಿತ.

4. ಒ.ಆರ್.ಎಸ್. ಕಲಸುವುದನ್ನು ಕಲಿಯುವುದು. ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟವಾಗಿ ತುಂಬಿದ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಕಣ್ಣಂದಾಜು ಸಲ್ಲದು. ಭೇದಿಯಾದ ಮಗುವಿಗೆ ಗುಟುಕು ಗುಟುಕಾಗಿ ಕುಡಿಸುತ್ತಾ, ತಾಯಿಯ ಹಾಲನ್ನಾಗಲಿ ಗಂಜಿಯನ್ನಾಗಲಿ ನಿಲ್ಲಿಸದೆ, ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.

ಉಪಸಂಹಾರ

ಈಗ ಆ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಬಂದವರು ರೋಗ ತರುತ್ತಾರೆಯೇ? ಕೆಲವೊಮ್ಮೆ ರೋಗಾಣು ಅವರೊಡನೆ ಬರಬಹುದು. ನಾವು ಮುಂಬಯಿಗೋ ಗಲ್ಫಿಗೋ ಹೋಗುವಾಗ ನಮ್ಮೊಡನೆಯೂ ಹೋಗಬಹುದು. ಆದರೆ ಆ ರೋಗಾಣು ಊರಿನ ಕಾಯಿಲೆಯಾಗಿ ಹಬ್ಬುವುದು ಕೊಳಕು ನೀರಿನಿಂದ, ಇಕ್ಕಟ್ಟಿನಿಂದ, ಹಸಿವಿನಿಂದ, ಭಯದಿಂದ ಮುಚ್ಚಿಡುವುದರಿಂದ. ಈ ನಾಲ್ಕನ್ನೂ ತಡೆಯುವುದು ಬರಮಾಡಿಕೊಳ್ಳುವವರ ಕೈಯಲ್ಲಿದೆ.

ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಯಾವ ಊರು, ಎಲ್ಲಿಗೆ ಹೋಗುವುದು ಎಂಬ ಮಾತುಗಳೆಲ್ಲ ಅನಂತರ. ಬಿಸಿಲಿನಲ್ಲಿ ನಡೆದು ಬಂದವರ ದಣಿವನ್ನು ಮೊದಲು ನೋಡಬೇಕೆಂದು ನಮ್ಮ ಹಿರಿಯರು ತಿಳಿದಿದ್ದರು. ಊರಿಗೆ ಬಂದವರು ನೀರಿಗೆ ಬಂದೇ ಬರುತ್ತಾರೆ. ಆ ನೀರು ಶುದ್ಧವಾಗಿರುವಂತೆ ನೋಡಿಕೊಂಡರೆ ಅವರೂ ಉಳಿಯುತ್ತಾರೆ, ನಾವೂ ಉಳಿಯುತ್ತೇವೆ.

ಯೋಚಿಸಿ ಉತ್ತರಿಸಿರಿ

1. ನಿರಾಶ್ರಿತರಿಗೂ ವಲಸೆ ಕಾರ್ಮಿಕರಿಗೂ ಇರುವ ವ್ಯತ್ಯಾಸವೇನು? ಆರೋಗ್ಯದ ದೃಷ್ಟಿಯಿಂದ ಅವರಿಗೆ ಸಮಾನವಾದ ಕಷ್ಟಗಳಾವುವು?
2. ಕಾಲರಾ ರೋಗಿಗೆ ಬರಿಯ ನೀರು ಸಾಲದು, ಸಕ್ಕರೆ ಉಪ್ಪು ಬೆರೆಸಿದ ನೀರು ಬೇಕು. ಏಕೆ?
3. 300 ಜನರಿರುವ ಒಂದು ಶಿಬಿರಕ್ಕೆ ದಿನಕ್ಕೆ ಎಷ್ಟು ಲೀಟರ್ ನೀರು, ಒಟ್ಟು ಎಷ್ಟು ಪಾಯಿಖಾನೆಗಳು ಬೇಕು? ನಮ್ಮ ಶಾಲೆಯ ಲೆಕ್ಕದೊಡನೆ ಹೋಲಿಸಿ ನೋಡಿರಿ.
4. ನಿಮ್ಮ ಮನೆಯಲ್ಲಿ ಯಾರಾದರೂ ಭಾಷೆ ತಿಳಿಯದ ಕಾರಣ ಆಸ್ಪತ್ರೆಯಲ್ಲಿ ಕಷ್ಟಪಟ್ಟಿದ್ದಾರೆಯೇ? ಅವರಿಂದ ಕೇಳಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.